ಆಲೂಗಡ್ಡೆಯ ಕಣ್ಣು, ಮೇಕೆಯ ಗುಂಡಿಗೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಸಂಜೆ ಏಳೆಂಟು ಕನ್ನಡದ ಮಕ್ಕಳು ಟ್ಯೂಷನ್‌ಗೆ ಬರುತ್ತಾರೆ. ಒಂದು ದಿನ ‘ಗೊತ್ತಿರುವ ಅಂಗಗಳನ್ನು ಬರೆಯಿರಿ’ ಅಂದೆ. ಹೃದಯ, ಕಿಡ್ನಿ, ಕಣ್ಣು ಅಂತ ಸರಸರ ಬರೆದರು. ಗಿಡದ್ದು? ಎಲ್ಲರೂ ಪೆನ್ಸಿಲ್ ಕಚ್ಚುತ್ತಾ ಕೂತರು. ಒಬ್ಬನಂತೂ ‘ಗಿಡಕ್ಕೆ ಎಲ್ಲಿಯ ಅಂಗ ಟೀಚರ್?’ ಅಂದ.

ಮಾರನೇ ದಿನ ಮಾರ್ಕೆಟಿಗೆ ಹೋದೆ. ಮಟನ್ ಅಂಗಡಿಯವನಿಗೆ ‘ದಿಲ್ ಪೂರಾ ದೇನಾ, ಕಾಟ್ನಾ ಮತ್’ (ಗುಂಡಿಗೆ ಇಡಿಯಾಗಿ ಕೊಡು, ಕತ್ತರಿಸಬೇಡ) ಅಂದಾಗ ಅವನು ವಿಚಿತ್ರವಾಗಿ ನೋಡಿದ.

ಗುಂಡಿಗೆಯ ಮೇಲಿನ ದಪ್ಪ ನಾಳಕ್ಕೆ ನೀರು ಹಾಕಿದೆವು. ಒಳಗೆ ಇಳಿಯದೆ ಅಲ್ಲೇ ನಿಂತಿತು. ಹೊರಹೋದ ರಕ್ತ ವಾಪಸ್ ಬರದಂತೆ ಕವಾಟ ತಡೆಯುವುದು ಹೀಗೆಯೇ. ಆಮೇಲೆ ಸೀಳಿದೆವು. ದಪ್ಪ ಸ್ನಾಯು, ಬಿಳಿ ದಾರದಂಥ ಎಳೆಗಳು, ಹೊರಗೆ ಕೊಬ್ಬು, ಅದರ ನಡುವೆ ರಕ್ತನಾಳ. ಹೀಗೆ ಬೇರೆ ಬೇರೆ ಅಂಗಾಂಶಗಳು, ಅಂದರೆ ಒಂದೇ ಬಗೆಯ ಜೀವಕೋಶಗಳ ಗುಂಪುಗಳು, ಸೇರಿ ಒಂದು ಕೆಲಸ ಮಾಡಿದರೆ ಅದು ಅಂಗ. ಇಷ್ಟನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ, ಸುಮ್ನೆ ಚಾಕ್‌ಪೀಸ್ ದಂಡ. ಸಸ್ಯಾಹಾರಿ ಮನೆಯ ಹುಡುಗಿ ಮಾತ್ರ ಬಾಗಿಲಲ್ಲೇ ನಿಂತು ನೋಡಿದಳು.

ತರಕಾರಿಗೆ ಅವಳೇ ಮುಂದೆ ಬಂದಳು. ಬೇರು, ಕಾಂಡ, ಎಲೆ ಇವೇ ಗಿಡದ ಅಂಗಗಳು. ಯಾವ ತರಕಾರಿ ಯಾವ ಅಂಗ ಅಂತ ಕೇಳಿದೆ. ಗೆಣಸು ಬೇರು, ಸರಿ. ಆಲೂಗಡ್ಡೆಯೂ ಬೇರೇ ಅಂದಳು. ‘ಕಣ್ಣು ನೋಡು’ ಅಂದೆ. ಆ ಕಣ್ಣುಗಳು ಮೊಗ್ಗು, ಮೊಳಕೆ ಬರುವುದು ಅಲ್ಲಿಂದಲೇ. ಇಂಥ ಮೊಗ್ಗು ಇರುವುದು ಕಾಂಡಕ್ಕೆ, ಹಾಗಾಗಿ ಆಲೂಗಡ್ಡೆ ಕಾಂಡ. ಶುಂಠಿಯೂ ಅಷ್ಟೆ. ಈರುಳ್ಳಿಯಲ್ಲಿ ನಾವು ತಿನ್ನುವ ಪದರಗಳು ಎಲೆಯ ಬುಡ. ಬೇರು ಅಂಟಿರುವ ತಟ್ಟೆಯಂಥ ಚೂರು ಕಾಂಡ. ನಾನೇ ಎಷ್ಟೋ ವರ್ಷ ಈರುಳ್ಳಿಯನ್ನು ಬೇರು ಅಂತಲೇ ಹೇಳಿಕೊಟ್ಟಿದ್ದೆ! ಆ ಮಕ್ಕಳೆಲ್ಲ ಈಗ ಎಲ್ಲಿದ್ದಾರೋ.

‘ಗುಂಡಿಗೆ ತೆಗೆದರೆ ಮೇಕೆ ಸಾಯುತ್ತೆ. ಎಲೆ ಕಿತ್ತರೆ ಗಿಡ ಯಾಕೆ ಸಾಯಲ್ಲ?’ ಅಂತ ಮತ್ತೊಬ್ಬ ಕೇಳಿದ. ಮೇಕೆಗೆ ಇರುವುದು ಒಂದೇ ಗುಂಡಿಗೆ. ಗಿಡಕ್ಕೆ ಎಲೆ ನೂರಾರು, ಜೊತೆಗೆ ಮೊಗ್ಗು ಇರುವಲ್ಲಿ ಹೊಸದು ಚಿಗುರುತ್ತಲೇ ಇರುತ್ತದೆ. ಬಾಯಿಮಾತು ಸಾಲದು ಅಂತ ಗ್ಯಾಲರಿಯ ಮನಿ ಪ್ಲಾಂಟ್ ಕತ್ತರಿಸಿ ಎರಡು ಬಾಟಲಿಗಳಲ್ಲಿ ಇಟ್ಟೆವು. ಒಂದರಲ್ಲಿ ಗೆಣ್ಣು ಇರುವ ತುಂಡು, ಇನ್ನೊಂದರಲ್ಲಿ ಬರೀ ಎಲೆ. ಗೆಣ್ಣಿನಿಂದ ಬೇರು ಬಂತು, ಆಮೇಲೆ ಚಿಗುರೂ ಬಂತು. ಬರೀ ಎಲೆ ಹಸಿರಾಗಿಯೇ ಇದೆ, ಚಿಗುರು ಮಾತ್ರ ಇಲ್ಲ. ಮಕ್ಕಳು ಈಗಲೂ ಬಂದ ತಕ್ಷಣ ಮೊದಲು ಆ ಬಾಟಲಿ ನೋಡುತ್ತಾರೆ.