ಶಿಶುವಿಹಾರಕ್ಕೆ ಸೇರುವ ಮುಂಚೆ ಮಗುವಿಗೆ ಏನು ಕಲಿಸಬೇಕು?

ನಾನು ಶಿಶುವಿಹಾರದಲ್ಲಿ ಟೀಚರ್. ಮಗುವನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರು "ಅಕ್ಷರ ಎಲ್ಲಾ ಬರುತ್ತೆ ಮಿಸ್, ನೂರರವರೆಗೂ ಎಣಿಸ್ತಾಳೆ" ಅಂತ ಖುಷಿಯಿಂದ ಹೇಳುತ್ತಾರೆ. ನಾನು ಕೇಳುವುದು ಮಾತ್ರ ಬೇರೆ. ಚಡ್ಡಿ ತಾನೇ ಇಳಿಸಿ ಏರಿಸಿಕೊಳ್ಳುತ್ತಾಳಾ? ಅಕ್ಷರ ಕಲಿಸಲು ನಾವಿದ್ದೇವೆ, ವರ್ಷವಿಡೀ ಸಮಯವಿದೆ. ಆದರೆ ಚಡ್ಡಿ ಒದ್ದೆಯಾದ ಮಗುವಿಗೆ ಆ ದಿನ ಬೇರೇನೂ ತಲೆಗೆ ಹೋಗುವುದಿಲ್ಲ.

ಹಾಗಾಗಿ ಟಾಯ್ಲೆಟ್‌ನಿಂದಲೇ ಶುರು ಮಾಡಿ. ಸೊಂಟಕ್ಕೆ ಎಲಾಸ್ಟಿಕ್ ಇರುವ ಬಟ್ಟೆ ಹಾಕಿ. ಬೆಲ್ಟು, ಬಿಗಿ ಗುಂಡಿ, ಹುಕ್ಕು ಬೇಡವೇ ಬೇಡ. ಮನೆಯ ಟಾಯ್ಲೆಟ್ ಒಂದೇ ಗೊತ್ತಿರುವ ಮಕ್ಕಳು ಶಾಲೆಯಲ್ಲಿ ಮಧ್ಯಾಹ್ನದವರೆಗೂ ತಡೆದುಕೊಂಡು ಕೂರುತ್ತಾರೆ. ಫ್ಲಶ್‌ನ ಸದ್ದಿಗೆ ಹೆದರುವವರೂ ಇದ್ದಾರೆ. ಹೊರಗೆ ಹೋದಾಗ ಬೇರೆ ಬೇರೆ ಕಡೆಯ ಟಾಯ್ಲೆಟ್ ಬಳಸಲು ಅಭ್ಯಾಸ ಮಾಡಿಸಿ. ನಿಮ್ಮ ಮನೆಯಲ್ಲಷ್ಟೇ ಬಳಸುವ ಮುದ್ದು ಮಾತಿದ್ದರೆ ನಮಗೂ ಹೇಳಿಬಿಡಿ. ಮುಖ್ಯವಾಗಿ, ಪರಿಚಯ ಇಲ್ಲದ ದೊಡ್ಡವರ ಹತ್ತಿರ "ನಂಗೆ ಟಾಯ್ಲೆಟ್‌ಗೆ ಹೋಗಬೇಕು" ಅಂತ ಗಟ್ಟಿಯಾಗಿ ಕೇಳುವುದನ್ನು ಆಟದಲ್ಲೇ ಕಲಿಸಿ. ನೀವು ಟೀಚರ್ ಆಗಿ, ಅವಳು ಬಂದು ಕೇಳಲಿ. ಬಾಯಿಬಿಟ್ಟು ಕೇಳಲು ಬಂದರೆ ಅರ್ಧ ಚಿಂತೆ ಕಳೆದ ಹಾಗೆ.

ಊಟದ ಡಬ್ಬಿ, ನೀರಿನ ಬಾಟಲಿಯನ್ನು ಹಿಂದಿನ ದಿನ ಕೊಂಡು ತರಬೇಡಿ. ಮುಂಚೆಯೇ ತಂದು, ಮನೆಯಲ್ಲೂ ಅದರಲ್ಲೇ ತಿನ್ನಲು ಕುಡಿಯಲು ಕೊಡಿ. ಮುಚ್ಚಳ ತೆಗೆಯಲು ಆಗದಿದ್ದರೆ ಬೇರೆ ಡಬ್ಬಿ ನೋಡಿ. ಶೂ ವೆಲ್ಕ್ರೋದ್ದೇ ಇರಲಿ. ಎಡ ಬಲ ಅದಲು ಬದಲಾಗುತ್ತಿದ್ದರೆ ಒಂದು ಸ್ಟಿಕ್ಕರನ್ನು ನಡುವೆ ಕತ್ತರಿಸಿ, ಎರಡು ಶೂಗಳ ಒಳಗೆ ಅರ್ಧರ್ಧ ಅಂಟಿಸಿ. ಜೋಡಿಸಿಟ್ಟಾಗ ಚಿತ್ರ ಕೂಡಿದರೆ ಸರಿ ಅಂತ ಮಗುವಿಗೇ ಗೊತ್ತಾಗುತ್ತದೆ.

ಬರೆಸುವ ಆತುರ ಬೇಡ. ಕಾಗದ ಹರಿಯಲಿ, ಹಿಟ್ಟು ನಾದಲಿ, ಬಟ್ಟೆಗೆ ಹಾಕುವ ಕ್ಲಿಪ್ ಒತ್ತಲಿ. ಬೆರಳಿಗೆ ಬಲ ಬಂದರೆ ಪೆನ್ಸಿಲ್ ಹಿಡಿಯುವುದು ಸುಲಭ. ತನ್ನ ಹೆಸರು ಕಂಡರೆ ಗುರುತಿಸಿದರೆ ಸಾಕು, ಬ್ಯಾಗು ಹುಡುಕಿಕೊಳ್ಳುತ್ತಾಳೆ.

ಮೂರರಿಂದ ಐದು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಶಾಲೆ ಶುರುವಾಗುವ ಎರಡು ವಾರ ಮುಂಚಿನಿಂದ, ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಬೇಗ ಮಲಗಿಸುತ್ತಾ ಬನ್ನಿ.

ಇನ್ನು ಬಿಟ್ಟು ಹೋಗುವ ಗಳಿಗೆ. ಮಗು ಆಟದಲ್ಲಿ ಮುಳುಗಿದಾಗ ಸದ್ದಿಲ್ಲದೆ ಜಾರಿಕೊಳ್ಳಬೇಡಿ, ದಯವಿಟ್ಟು. ತಿರುಗಿ ನೋಡಿದಾಗ ಅಮ್ಮ ಇಲ್ಲ ಅಂದರೆ, ಮರುದಿನ ಅದು ನಿಮ್ಮ ಸೆರಗು ಬಿಡುವುದೇ ಇಲ್ಲ. ಒಂದು ಅಪ್ಪುಗೆ, ಒಂದು ಮುತ್ತು, "ಕಥೆ ಮುಗಿದ ಮೇಲೆ ಬರ್ತೀನಿ" ಅನ್ನುವ ಮಾತು, ಅಷ್ಟೇ. "ಹನ್ನೆರಡೂವರೆಗೆ" ಅಂದರೆ ಮಗುವಿಗೆ ಅರ್ಥವಾಗುವುದಿಲ್ಲ, ಕಥೆ ಮುಗಿಯುವುದು ಅರ್ಥವಾಗುತ್ತದೆ. ಹೇಳಿದ ಹೊತ್ತಿಗೆ ಬಂದೇ ಬನ್ನಿ. ಅಳು ಕೇಳಿ ಬಾಗಿಲಿನಿಂದ ಇಣುಕಬೇಡಿ. ನೀವು ಮರೆಯಾದ ಸ್ವಲ್ಪ ಹೊತ್ತಿಗೆ ಎಷ್ಟೋ ಮಕ್ಕಳ ಅಳು ನಿಲ್ಲುವುದನ್ನು ನಾನು ಕಣ್ಣಾರೆ ನೋಡುತ್ತೇನೆ. ಮೊದಲ ವಾರ ನಗುತ್ತಾ ಬಂದ ಮಗು ಎರಡನೇ ವಾರ ಅತ್ತರೂ ಗಾಬರಿ ಬೇಡ. ದಿನಾ ಹೋಗಬೇಕು ಅಂತ ಅದಕ್ಕೆ ಈಗ ಗೊತ್ತಾಗಿರುತ್ತದೆ.

ಮನೆಯಲ್ಲಿ "ತಾಳು, ಮಿಸ್‌ಗೆ ಹೇಳ್ತೀನಿ" ಅಂತ ಮಾತ್ರ ಹೆದರಿಸಬೇಡಿ. ಹೆದರಿದ ಮಗು ನನ್ನ ಹತ್ತಿರ ಬರಲು ವಾರಗಟ್ಟಲೆ ಬೇಕಾಗುತ್ತದೆ.

ಶಾಲೆಯಲ್ಲಿ ಚೆನ್ನಾಗಿದ್ದ ಮಗು ಮನೆಗೆ ಬಂದು ಸುಮ್ನೆ ರಂಪ ಮಾಡಬಹುದು. ಅದು ದಣಿವು. ಮೊದಲು ತಿನ್ನಲು ಕೊಡಿ, ಸ್ವಲ್ಪ ಬಿದ್ದುಕೊಳ್ಳಲಿ. "ಇವತ್ತು ಏನು ಕಲಿತೆ?" ಅನ್ನುವುದರ ಬದಲು "ನಿನ್ನ ಪಕ್ಕ ಯಾರು ಕೂತಿದ್ರು?" ಅಂತ ಕೇಳಿ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡಿದರೆ ಬೈಯಬೇಡಿ, ಸುಮ್ಮನೆ ಬಟ್ಟೆ ಬದಲಿಸಿ. ಕೆಲವು ವಾರ ಕಳೆದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ನಮಗೂ ಒಂದು ಮಾತು ತಿಳಿಸಿ.