ತುಂಡು ಬಟ್ಟೆಗಳ ಫ್ರಾಕ್: ಮಗುವಿಗೆ ಎಲ್ಲೂ ಚುಚ್ಚದ ಹಾಗೆ ಹೊಲಿಯುವುದು

ತುಂಡು ಬಟ್ಟೆ ಜೋಡಿಸಿ ಫ್ರಾಕ್ ಹೊಲಿಯಲು ಕೂತಾಗ ನಾನು ಮೊದಲು ಯೋಚಿಸುವುದು ಅದರ ಒಳಬದಿಯ ಬಗ್ಗೆ. ಬಣ್ಣ, ವಿನ್ಯಾಸ ಎಲ್ಲಾ ಆಮೇಲೆ. ಇಂಥ ಫ್ರಾಕಿನಲ್ಲಿ ಹೊಲಿಗೆಗಳು ಜಾಸ್ತಿ. ಒಂದೊಂದು ಹೊಲಿಗೆಯ ಹಿಂದೆಯೂ ಕತ್ತರಿಸಿದ ಅಂಚು ಇರುತ್ತದೆ. ಅದೆಲ್ಲಾ ಎಳೆ ಮೈಗೆ ಉಜ್ಜುತ್ತದೆ ಅಲ್ವಾ? ನನ್ನ ತಂಗಿಯ ಮಗಳಂತೂ ಹೊಸ ಬಟ್ಟೆ ಕೈಗೆ ಬಂದ ಕೂಡಲೇ ಅದರೊಳಗೆ ಕೈ ಹಾಕಿ ಸವರಿ ನೋಡುತ್ತಾಳೆ. ಎಲ್ಲಾದರೂ ಒರಟಾಗಿ ಸಿಕ್ಕಿದರೆ ಹಾಕಿಕೊಳ್ಳುವುದೇ ಇಲ್ಲ. ಅವಳಿಗೆಂದು ಹೊಲಿಯುತ್ತಾ ನಾನು ರೂಢಿಸಿಕೊಂಡ ವಿಧಾನ ಇದು.

ತುಂಡುಗಳ ಕೆಲಸವನ್ನು ನಾನು ಲಂಗದ ಭಾಗದಲ್ಲಿ ಮಾತ್ರ ಮಾಡುತ್ತೇನೆ. ಮೇಲಿನ ಬಾಡಿ ಒಂದೇ ಬಟ್ಟೆಯದು, ಎರಡು ಪದರದ್ದು. ಕಂಕುಳು, ಕತ್ತಿನ ಹತ್ತಿರ ಜೋಡಣೆ ಬಂದರೆ ದಪ್ಪವಾಗುತ್ತದೆ, ಕೈ ಎತ್ತಿದಾಗ ಎಳೆಯುತ್ತದೆ. ಲಂಗ ಮೈಯಿಂದ ದೂರ ನಿಲ್ಲುತ್ತದೆ. ಚೌಕಗಳು ಚೆನ್ನಾಗಿ ಕಾಣುವುದೂ ಅಲ್ಲೇ.

ಬಟ್ಟೆ ಆರಿಸುವಾಗ ಒಂದೇ ತೂಕದ ಹತ್ತಿ ಬಟ್ಟೆಗಳನ್ನು ತೆಗೆದುಕೊಳ್ಳಿ. ತೆಳುವಾದದ್ದರ ಪಕ್ಕದಲ್ಲಿ ಜೀನ್ಸಿನಂಥ ದಪ್ಪ ಬಟ್ಟೆ ಬಂದರೆ ದಪ್ಪ ಬಟ್ಟೆ ತೆಳುವಾದದ್ದನ್ನು ಎಳೆದು ಹರಿಯುತ್ತದೆ. ಹಳೆಯ ಅಂಗಿ, ಹೊದಿಕೆ, ದಿಂಬಿನ ಕವರ್ ಎಲ್ಲವೂ ಆಗುತ್ತವೆ. ದೊಡ್ಡವರ ಅಂಗಿಯಾದರೆ ಬೆನ್ನಿನ ಭಾಗದಲ್ಲೇ 12 ಚೌಕಗಳು ಸುಲಭವಾಗಿ ಸಿಗುತ್ತವೆ. ಮೊಣಕೈ, ಕಾಲರ್ ಹತ್ತಿರದ್ದು ಬೇಡ, ಸವೆದಿರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಜಾಳಾಗಿ ಕಂಡ ಜಾಗವನ್ನು ಬಿಟ್ಟುಬಿಡಿ.

ಹೊಸ ಬಟ್ಟೆಯನ್ನು ಕತ್ತರಿಸುವ ಮುಂಚೆ ಒಗೆಯಲೇಬೇಕು. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಒಂದು ಚೌಕ ಕುಗ್ಗಿ ಪಕ್ಕದ್ದು ಕುಗ್ಗದಿದ್ದರೆ ಲಂಗವೆಲ್ಲಾ ಸುಕ್ಕು. ಕೆಂಪು, ಕಡು ನೀಲಿ ಬಟ್ಟೆಗಳ ಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಮತ್ತೆ ಒಗೆದು ನೋಡಿ. ಆಗಲೂ ಬಿಟ್ಟರೆ ಆ ಬಟ್ಟೆ ಎಷ್ಟೇ ಇಷ್ಟವಾಗಿರಲಿ, ಈ ಫ್ರಾಕಿಗೆ ಬೇಡ.

ಈಗ ಅಳತೆ. 4 ವರ್ಷದ ಮಗುವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಎದೆ ಸುತ್ತಳತೆ 58 ಸೆಂ.ಮೀ. ಇದ್ದರೆ ಓಡಾಡಲು 8 ಸೆಂ.ಮೀ. ಸಡಿಲ ಸೇರಿಸಿ, ಬಾಡಿಯ ಸುತ್ತು 66 ಆಗುತ್ತದೆ. ಲಂಗದ ಸುತ್ತು ಅದರ ಒಂದೂಮುಕ್ಕಾಲು ಪಟ್ಟಿನಷ್ಟು ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ. ಅಂದರೆ ಸುಮಾರು 120 ಸೆಂ.ಮೀ. ಚೌಕಗಳನ್ನು 12 ಸೆಂ.ಮೀ.ಗೆ ಕತ್ತರಿಸಿ, ಸುತ್ತಲೂ 1 ಸೆಂ.ಮೀ. ಹೊಲಿಗೆಗೆ ಹೋಗಿ 10 ಉಳಿಯುತ್ತದೆ. ಸಾಲಿಗೆ 12 ಚೌಕ, 3 ಸಾಲು, ಒಟ್ಟು 36. ಕೆಳಗೆ ಪಟ್ಟಿ ಸೇರಿ ಲಂಗದ ಉದ್ದ 33 ಸೆಂ.ಮೀ. ಬರುತ್ತದೆ. ನಿಮ್ಮ ಮಗುವಿನ ಅಳತೆ ಬೇರೆಯಾದರೆ ಚೌಕದ ಅಳತೆಯನ್ನು ಹೆಚ್ಚು ಕಡಿಮೆ ಮಾಡಿ, ಆದರೆ ಸಾಲಿನಲ್ಲಿ 12 ಚೌಕವನ್ನೇ ಇಟ್ಟುಕೊಳ್ಳಿ. ಅದರ ಉಪಯೋಗ ನೆರಿಗೆ ಎಳೆಯುವಾಗ ಗೊತ್ತಾಗುತ್ತದೆ. ಹೊಲಿದ ಮೇಲೆ 7 ಸೆಂ.ಮೀ.ಗಿಂತ ಚಿಕ್ಕದಾಗುವ ಚೌಕ ಮಾತ್ರ ಬೇಡ. ಹೊಲಿಗೆಗಳು ಒತ್ತೊತ್ತಾಗಿ ಬಂದು ಲಂಗ ರಟ್ಟಿನ ಹಾಗೆ ನಿಲ್ಲುತ್ತದೆ.

ದಪ್ಪ ರಟ್ಟಿನಲ್ಲಿ 12 ಸೆಂ.ಮೀ. ಚೌಕ ಮಾಡಿಕೊಂಡು ಎಲ್ಲಾ ತುಂಡುಗಳನ್ನೂ ಅದೇ ಒಂದು ಅಳತೆಯಿಂದ ಗುರುತು ಮಾಡಿ. ಬಟ್ಟೆಯ ಎಳೆಗೆ ನೇರವಾಗಿ ಇಡಿ. ಓರೆಯಾಗಿ ಕತ್ತರಿಸಿದ ಚೌಕ ಹೊಲಿಯುವಾಗ ಹಿಗ್ಗುತ್ತದೆ.

ಕತ್ತರಿಸಿದ್ದನ್ನೆಲ್ಲಾ ನೆಲದ ಮೇಲೆ ಹರಡಿ ಜೋಡಿಸಿ. ಫೋನಿನಲ್ಲಿ ಒಂದು ಫೋಟೋ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಗಾಢ ಬಣ್ಣಗಳೆಲ್ಲಾ ಒಂದೇ ಕಡೆ ಸೇರಿಕೊಂಡಿದ್ದರೆ ಅದರಲ್ಲಿ ತಕ್ಷಣ ಕಾಣುತ್ತದೆ. ಮೂರರಲ್ಲಿ ಒಂದು ಪಾಲು ಸಾದಾ ಬಟ್ಟೆ ಇರಲಿ, ಇಲ್ಲದಿದ್ದರೆ ಹೂವಿನ ಪಕ್ಕ ಹೂವು ಬಂದು ಯಾವುದೂ ಕಾಣುವುದಿಲ್ಲ. ಆನೆ, ಹಕ್ಕಿಯಂಥ ಚಿತ್ರಗಳಿದ್ದರೆ ತಲೆ ಮೇಲಿರುವಂತೆ ಇಡಿ. ಮಗುವಿಗೂ ಜೋಡಿಸಲು ಬಿಡಿ. ತಾನೇ ಇಟ್ಟ ಚೌಕ ಎಲ್ಲಿದೆ ಎಂದು ಆಮೇಲೆ ಹುಡುಕುವುದೇ ಅದಕ್ಕೊಂದು ಆಟ.

ಮಿಷನ್ನಿಗೆ 12ನೇ ನಂಬರ್ ಸೂಜಿ ಹಾಕಿ. ಹೊಲಿಗೆಯ ಉದ್ದ 2ರಿಂದ 2.5 ಮಿ.ಮೀ. ಇರಲಿ. ದಾರ ಎಳೆದರೆ ಸುಲಭವಾಗಿ ತುಂಡಾಗುವಷ್ಟು ಹಳೆಯದಾಗಿದ್ದರೆ ಬೇರೆ ತೆಗೆದುಕೊಳ್ಳಿ. ಮಿಷನ್ನಿನ ತಟ್ಟೆಯ ಮೇಲೆ, ಸೂಜಿಯಿಂದ ಸರಿಯಾಗಿ 1 ಸೆಂ.ಮೀ. ದೂರಕ್ಕೆ ಒಂದು ಟೇಪ್ ಅಂಟಿಸಿ, ಬಟ್ಟೆಯ ಅಂಚು ಅದನ್ನು ತಾಗುತ್ತಾ ಹೋಗಲಿ. ಇದು ಸಣ್ಣ ವಿಷಯ ಅನ್ನಿಸಬಹುದು. ಒಂದೊಂದು ಹೊಲಿಗೆಯಲ್ಲಿ 1 ಮಿ.ಮೀ. ಹೆಚ್ಚುಕಡಿಮೆಯಾದರೂ ಎರಡೂ ಚೌಕ ಸೇರಿ 2 ಮಿ.ಮೀ. ಆಗಿ, 12 ಹೊಲಿಗೆಗೆ ಸಾಲು 2.4 ಸೆಂ.ಮೀ. ತಪ್ಪುತ್ತದೆ. ಆಮೇಲೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಕೂಡುವುದಿಲ್ಲ.

ಮೊದಲು ಎರಡೆರಡು ಚೌಕಗಳನ್ನು ಒಳಬದಿ ಹೊರಗೆ ಬರುವಂತೆ ಇಟ್ಟು ಹೊಲಿಯಿರಿ. ದಾರ ಕತ್ತರಿಸದೆ ಒಂದರ ಹಿಂದೆ ಒಂದು ಜೋಡಿಯನ್ನು ಕೊಡುತ್ತಾ ಹೋಗಿ. ದಾರವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಜೋಡಿಗಳನ್ನು ಸೇರಿಸಿ ಸಾಲು ಮಾಡಿ, ಸಾಲಿನ ಎರಡು ತುದಿ ಕೂಡಿಸಿ ಬಳೆಯಾಕಾರಕ್ಕೆ ತನ್ನಿ. ಈಗ ಇಸ್ತ್ರಿ. ಮೊದಲ ಸಾಲಿನ ಹೊಲಿಗೆ ಅಂಚುಗಳನ್ನೆಲ್ಲಾ ಎಡಕ್ಕೆ ಮಲಗಿಸಿ, ಎರಡನೆಯದನ್ನು ಬಲಕ್ಕೆ, ಮೂರನೆಯದನ್ನು ಮತ್ತೆ ಎಡಕ್ಕೆ. ಸಾಲುಗಳನ್ನು ಕೂಡಿಸುವಾಗ ಎದುರುಬದುರು ಅಂಚುಗಳು ಒಂದಕ್ಕೊಂದು ತಾಗಿ ಕೂರುತ್ತವೆ. ನಾಲ್ಕು ಮೂಲೆ ಸರಿಯಾಗಿ ಸೇರುತ್ತದೆ, ಒಂದೇ ಕಡೆ ದಪ್ಪವೂ ಆಗುವುದಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಎಳೆಯಬೇಡಿ, ಎತ್ತಿ ಒತ್ತಿ. ಎಳೆದರೆ ಚೌಕ ಸೊಟ್ಟಗಾಗುತ್ತದೆ.

ಮೂರು ಸಾಲು ಸೇರಿದ ಮೇಲೆ ಒಳಗಿನ ಅಂಚುಗಳಿಗೆ ಜಿಗ್‌ಜಾಗ್ ಅಥವಾ ಓವರ್‌ಲಾಕ್ ಹಾಕಿ. ಮಕ್ಕಳ ಬಟ್ಟೆ ಪದೇ ಪದೇ ಒಗೆಯುವಂಥದ್ದು, ಹಾಗೇ ಬಿಟ್ಟರೆ ಎಳೆ ಬಿಡುತ್ತದೆ. ಕೆಳಗೆ 122 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಪಟ್ಟಿಯನ್ನು ಬಳೆ ಮಾಡಿ, ಒಂದು ಅಂಚನ್ನು ಲಂಗಕ್ಕೆ ಹೊಲಿದು, ಇನ್ನೊಂದನ್ನು ಒಳಗೆ ಮಡಿಸಿ ಹೆಮ್ಮಿಂಗ್ ಮಾಡಿ. ಲಂಗಕ್ಕೆ ಒಂದು ತೆಳು ಹತ್ತಿಯ ಲೈನಿಂಗ್ ಬೇಕೇ ಬೇಕು. ಅದರ ಸುತ್ತು 90 ಸೆಂ.ಮೀ. ಸಾಕು. ಅದನ್ನೂ 120 ಇಟ್ಟರೆ ಸೊಂಟದಲ್ಲಿ ನೆರಿಗೆಯ ಗಂಟು ಕಟ್ಟಿದಂತಾಗುತ್ತದೆ. ಉದ್ದ ಲಂಗಕ್ಕಿಂತ 3 ಸೆಂ.ಮೀ. ಕಡಿಮೆ ಇರಲಿ.

ಬಾಡಿಗೆ ಅಳತೆಯ ಕಾಗದ ಬೇಕೆಂದೇನೂ ಇಲ್ಲ. ಮಗುವಿಗೆ ಈಗ ಸರಿಯಾಗುವ, ತೋಳಿಲ್ಲದ ಒಂದು ಫ್ರಾಕನ್ನು ಕಾಗದದ ಮೇಲಿಟ್ಟು ಸೊಂಟದವರೆಗೆ ಗೆರೆ ಎಳೆದು, ಹೊಲಿಗೆಗೆ 1 ಸೆಂ.ಮೀ. ಸೇರಿಸಿ. ಬೆನ್ನು ಎರಡು ತುಂಡು. ನಡುಗೆರೆಯಿಂದ ಎರಡೂ ಕಡೆ 2.5 ಸೆಂ.ಮೀ. ಜಾಸ್ತಿ ಬಿಡಿ, ಗುಂಡಿಯ ಕಡೆ ಒಂದರ ಮೇಲೊಂದು ಬರಲು. ಹೊರಪದರ ಒಂದು ಜೊತೆ, ಒಳಪದರ ಒಂದು ಜೊತೆ. ಒಳಪದರಕ್ಕೆ ಬಹಳ ಸಲ ಒಗೆದು ಮೆತ್ತಗಾದ ದಿಂಬಿನ ಕವರಿಗಿಂತ ಒಳ್ಳೆಯದು ಇಲ್ಲ.

ಎರಡೂ ಪದರಗಳ ಭುಜಗಳನ್ನು ಬೇರೆ ಬೇರೆಯಾಗಿ ಹೊಲಿಯಿರಿ. ಹೊರಬದಿಗಳು ಮುಖಾಮುಖಿಯಾಗುವಂತೆ ಇಟ್ಟು ಬೆನ್ನಿನ ಅಂಚು, ಕತ್ತು, ಕಂಕುಳುಗಳ ಸುತ್ತ ಹೊಲಿಗೆ ಹಾಕಿ. ಪಕ್ಕಗಳನ್ನೂ ಸೊಂಟವನ್ನೂ ಈಗ ಹೊಲಿಯಬೇಡಿ. ಅಂಚುಗಳನ್ನು ಅರ್ಧ ಸೆಂ.ಮೀ.ಗೆ ಇಳಿಸಿ, ತಿರುವುಗಳಲ್ಲಿ ಕತ್ತರಿಯ ತುದಿಯಿಂದ ಸಣ್ಣ ಸಣ್ಣ ಸೀಳು ಕೊಡಿ. ದಾರ ಕತ್ತರಿಸದಂತೆ ಹುಷಾರು. ಆಮೇಲೆ ಬೆನ್ನಿನ ತುಂಡುಗಳನ್ನು ಒಂದೊಂದಾಗಿ ಭುಜದ ಸಂದಿಯೊಳಗಿಂದ ಮುಂಭಾಗದ ಕಡೆಗೆ ಎಳೆದು ಹೊರಗೆ ತೆಗೆಯಿರಿ. ಇಡೀ ಬಾಡಿ ಮಗುಚಿಕೊಂಡು ಸರಿಬದಿಗೆ ಬರುತ್ತದೆ. ಕತ್ತಿನ ಸುತ್ತ ಒಂದು ಅಂಚೂ ಹೊರಗೆ ಕಾಣುವುದಿಲ್ಲ. ಕೊನೆಗೆ ಪಕ್ಕಗಳು: ಹೊರಪದರಕ್ಕೆ ಹೊರಪದರ, ಒಳಪದರಕ್ಕೆ ಒಳಪದರ ಸೇರಿಸಿ ಒಂದೇ ಓಟದಲ್ಲಿ ಹೊಲಿಯಿರಿ. ಕಂಕುಳಿನ ಹೊಲಿಗೆಗಳು ಸರಿಯಾಗಿ ಎದುರಾಗಲಿ.

ಇನ್ನು ಸೊಂಟ. ಇಲ್ಲಿ ಅವಸರ ಮಾಡಬೇಡಿ. ಲಂಗದ ಮೇಲಂಚಿಗೆ 4–5 ಮಿ.ಮೀ. ಉದ್ದದ ಸಡಿಲ ಹೊಲಿಗೆಯನ್ನು ಅಕ್ಕಪಕ್ಕ ಎರಡು ಸಾಲು ಹಾಕಿ. ಬಾಬಿನ್ನಿಗೆ (ಮಿಷನ್ನಿನ ಕೆಳಗಿನ ದಾರದ ಉರುಳೆಗೆ) ಬೇರೆ ಬಣ್ಣದ ದಾರ ಇದ್ದರೆ ಎಳೆಯಲೂ ಆಮೇಲೆ ತೆಗೆಯಲೂ ಸುಲಭ. ಮೂರು ಚೌಕಕ್ಕೊಮ್ಮೆ ದಾರ ನಿಲ್ಲಿಸಿ ಹೊಸದಾಗಿ ಶುರು ಮಾಡಿ. 12 ಚೌಕ ಬೇಕು ಎಂದದ್ದು ಇದಕ್ಕೇ. ಮೂರು ಮೂರರಂತೆ ಲಂಗ ನಾಲ್ಕು ಸಮ ಪಾಲಾಗುತ್ತದೆ, ಹೊಲಿಗೆಗಳೇ ಗುರುತು. ಬೆನ್ನಿನ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಹೊರಪದರಗಳನ್ನು ಮಾತ್ರ ಸೇರಿಸಿ ಕಚ್ಚಾ ಹೊಲಿಗೆ ಹಾಕಿ. ನಾಲ್ಕು ಗುರುತುಗಳನ್ನು ಬಾಡಿಯ ಮುಂದಿನ ನಡು, ಹಿಂದಿನ ನಡು, ಎರಡು ಪಕ್ಕಗಳಿಗೆ ಪಿನ್ ಮಾಡಿ, ದಾರ ಎಳೆದು ನೆರಿಗೆ ಹಂಚಿ. ಜೋಡಣೆ ಇರುವ ಕಡೆ ನೆರಿಗೆ ಸ್ವಲ್ಪ ಹಟ ಮಾಡುತ್ತದೆ, ಉಗುರಿನಿಂದ ಸರಿಸಿ. ಲೈನಿಂಗನ್ನೂ ನೆರಿಗೆ ಮಾಡಿ, ಅದರ ಸರಿಬದಿ ಮಗುವಿನ ಕಡೆಗೆ ಬರುವಂತೆ ಲಂಗದ ಒಳಗಿಟ್ಟು, ಎಲ್ಲವನ್ನೂ ಬಾಡಿಯ ಹೊರಪದರಕ್ಕೆ ಮಾತ್ರ ಹೊಲಿಯಿರಿ.

ಬಾಡಿಯ ಒಳಪದರ ಈಗ ಬಿಡಿಯಾಗಿ ಉಳಿದಿದೆ. ಅದರ ಕೆಳ ಅಂಚನ್ನು 1 ಸೆಂ.ಮೀ. ಒಳಗೆ ಮಡಿಸಿ, ನೆರಿಗೆಯ ಅಂಚುಗಳನ್ನೆಲ್ಲಾ ಮೇಲಕ್ಕೆ ತಳ್ಳಿ ಅದರೊಳಗೆ ಮುಚ್ಚಿ, ಕೈಯಿಂದ ಸಣ್ಣ ಹೆಮ್ಮಿಂಗ್ ಹಾಕಿ. ಮಿಷನ್ನಿನಲ್ಲಿ ಮೇಲಿಂದ ಹೊಡೆದರೆ ಬೇಗ ಆಗುತ್ತದೆ ನಿಜ, ಆದರೆ ಆ ಸಾಲು ಬಿರುಸಾಗುತ್ತದೆ. ಕೈಹೊಲಿಗೆ ಮೆತ್ತಗಿರುತ್ತದೆ. ಗಂಟುಗಳು ಪದರದ ನಡುವೆ ಅಡಗಲಿ.

ಗುಂಡಿಗಳು ಚಪ್ಪಟೆಯಾಗಿರಲಿ, ಒರಗಿ ಕೂತಾಗ ಬೆನ್ನಿಗೆ ಒತ್ತಬಾರದು. ಎರಡೂ ಪದರ ಹಿಡಿದು ಗಟ್ಟಿಯಾಗಿ ಹೊಲಿದು, ಜೋರಾಗಿ ಜಗ್ಗಿ ನೋಡಿ. ಕಿತ್ತು ಬಂದ ಗುಂಡಿ ಪುಟ್ಟ ಮಗುವಿನ ಬಾಯಿಗೇ ಹೋಗುವುದು. ಕತ್ತಿನ ಬಳಿ ಕಟ್ಟುವ ದಾರ, ಲಾಡಿ ಯಾವುದೂ ಬೇಡ. ಆಟದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ. ಮುಗಿದ ಮೇಲೆ ಫ್ರಾಕನ್ನು ತಿರುವಿ ಹಾಕಿ, ಒಳಗೆಲ್ಲಾ ಕೈಯಾಡಿಸಿ. ಮರೆತ ಪಿನ್ನು ಸಿಗುವುದೂ ಆಗಲೇ. ಒಮ್ಮೆ ಒಗೆದೇ ಮಗುವಿಗೆ ಹಾಕಿ.

ಕತ್ತರಿಸುವಾಗಲೇ ಇನ್ನೂ 12 ಚೌಕ ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಿ. ಮಗು ಅಗಲಕ್ಕಿಂತ ಉದ್ದಕ್ಕೇ ಬೇಗ ಬೆಳೆಯುತ್ತದೆ. ಫ್ರಾಕ್ ಗಿಡ್ಡವಾದಾಗ ಕೆಳಗಿನ ಪಟ್ಟಿ ಬಿಚ್ಚಿ, ನಾಲ್ಕನೇ ಸಾಲು ಸೇರಿಸಿ, ಪಟ್ಟಿಯನ್ನು ಮತ್ತೆ ಹಾಕಿದರೆ 10 ಸೆಂ.ಮೀ. ಉದ್ದ ಸಿಗುತ್ತದೆ. ಆ ಚೌಕಗಳನ್ನು ಒಂದು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ ಆಗಾಗ ಫ್ರಾಕಿನ ಜೊತೆಗೇ ಒಗೆಯಿರಿ. ಎರಡರ ಬಣ್ಣವೂ ಹೆಚ್ಚುಕಡಿಮೆ ಒಟ್ಟಿಗೇ ಮಾಸುತ್ತದೆ, ಹೊಸ ಸಾಲು ಎದ್ದು ಕಾಣುವುದಿಲ್ಲ.