ಮೊದಲ ಕೋಷ್ಟಕವನ್ನು ನಾನು ಓದುವ ಬಗೆ

ರಾಯಚೂರಿನಲ್ಲಿ ಅರಿವಳಿಕೆ ತಜ್ಞನಾಗಿರುವ ನಾನು, ಸಿಸೇರಿಯನ್ ನಂತರದ ವಾಂತಿಯನ್ನು ತಡೆಯುವ ಔಷಧಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಲು ಹೊರಟಾಗ, ಯಾವ ಔಷಧ ಮೇಲು ಎಂಬುದಕ್ಕಿಂತ ಮೊದಲು ಯಾವ ಪ್ರಬಂಧವನ್ನು ನಂಬಬಹುದು ಎಂಬ ಪ್ರಶ್ನೆಯೇ ಎದುರಾಯಿತು. ಈ ಅನುಮಾನಕ್ಕೆ ಕಾರಣವಿತ್ತು. ವಾಂತಿ ತಡೆಯ ಬಗ್ಗೆಯೇ ಹೇರಳವಾಗಿ ಬರೆದಿದ್ದ ಜಪಾನಿನ ಯೊಶಿತಾಕ ಫ್ಯೂಜಿಯವರ 168 ಪ್ರಯೋಗಗಳ ಅಂಕಿಗಳು ಆಕಸ್ಮಿಕವಾಗಿ ಹಾಗೆ ಬಂದಿರುವುದು ಅಸಂಭವವೆಂದು ಇಂಗ್ಲೆಂಡಿನ ಅರಿವಳಿಕೆ ವೈದ್ಯ ಜಾನ್ ಕಾರ್ಲೈಲ್ 2012ರಲ್ಲಿ ತೋರಿಸಿದ್ದರು.

ಕಾರ್ಲೈಲ್ ಅವರ ದಾರಿಯಲ್ಲೇ ನಾನು ಪ್ರಬಂಧದ ಮೊದಲ ಕೋಷ್ಟಕದಿಂದ ಆರಂಭಿಸುತ್ತೇನೆ. ಚಿಕಿತ್ಸೆಗೆ ಮುಂಚಿನ ವಯಸ್ಸು, ತೂಕ, ಎತ್ತರಗಳಿರುವ ಇದನ್ನು ಹೆಚ್ಚಿನವರು ದಾಟಿಕೊಂಡೇ ಹೋಗುತ್ತಾರೆ. ಗುಂಪಿಗೆ 30 ಜನರಿದ್ದು, ವಯಸ್ಸಿನ ಸ್ಟ್ಯಾಂಡರ್ಡ್ ಡೀವಿಯೇಶನ್ (ಒಬ್ಬೊಬ್ಬರ ವಯಸ್ಸು ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) 10 ವರ್ಷವಿದ್ದರೆ, ಚೀಟಿ ಎತ್ತಿ ಹಂಚಿದ ಎರಡು ಗುಂಪುಗಳ ಸರಾಸರಿಗಳ ನಡುವಿನ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ (ಆಕಸ್ಮಿಕವಾಗಿ ಅದು ಎಷ್ಟು ಏರುಪೇರಾಗಬಹುದು ಎಂಬ ಅಳತೆ) ಸುಮಾರು 2.6 ವರ್ಷ ಆಗುತ್ತದೆ. ಆ ವ್ಯತ್ಯಾಸ 0.1 ವರ್ಷಕ್ಕಿಂತ ಕಡಿಮೆ ಬರುವುದು ನೂರರಲ್ಲಿ ಮೂರು ಸಲವಷ್ಟೇ. ಒಂದು ಸಾಲಿನಲ್ಲಿ ಹಾಗಾದರೆ ಅದೃಷ್ಟವೆನ್ನಬಹುದು, ಸಾಲುಸಾಲಾಗಿ ಹಾಗೇ ಆದರೆ ಅನ್ನಲಾಗದು. ಸಿಂಧನೂರಿನ ಗಿರಣಿಯ ಲೆಕ್ಕದಲ್ಲಿ ಪ್ರತಿ ಭತ್ತದ ಚೀಲವೂ ಗ್ರಾಂ ವ್ಯತ್ಯಾಸವಿಲ್ಲದೆ ಒಂದೇ ತೂಕವಿದ್ದರೆ, ತಕ್ಕಡಿಗೆ ಹಾಕದೆಯೇ ಬರೆದಿದ್ದಾರೆಂದು ಯಾರಿಗಾದರೂ ಗೊತ್ತಾಗುತ್ತದೆ. ನಿಜವಾದ ಹಂಚಿಕೆಯಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಸಾಲುಗಳ ಪಿ ಮೌಲ್ಯಗಳು (ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ) ಸೊನ್ನೆಯಿಂದ ಒಂದರವರೆಗೆ ಹೆಚ್ಚುಕಡಿಮೆ ಸಮನಾಗಿ ಹರಡಿರಬೇಕು.

ಎರಡನೆಯದು, ಅಚ್ಚಾದ ಸರಾಸರಿ ಅಷ್ಟು ಜನರಿಂದ ಬರಲು ಸಾಧ್ಯವೇ ಎಂದು ನೋಡುವ ಗ್ರಿಮ್ ಪರೀಕ್ಷೆ. ಇದಕ್ಕೆ ಕ್ಯಾಲ್ಕುಲೇಟರ್ ಸಾಕು. ನೋವಿನ ಅಂಕವನ್ನು ಪೂರ್ಣಾಂಕದಲ್ಲೇ ಕೇಳಿದ 28 ರೋಗಿಗಳ ಸರಾಸರಿ 3.45 ಎಂದು ಅಚ್ಚಾಗಿದ್ದರೆ ಅದು ಸಾಧ್ಯವೇ ಇಲ್ಲ: ಒಟ್ಟು 96 ಆದರೆ 3.43, 97 ಆದರೆ 3.46. ಆದರೆ ಎರಡು ದಶಮಾಂಶಗಳ ಸರಾಸರಿಯಾದರೆ, ನೂರು ದಾಟಿದ ಗುಂಪುಗಳಲ್ಲಿ ಈ ಪರೀಕ್ಷೆ ಏನನ್ನೂ ಹಿಡಿಯುವುದಿಲ್ಲ.

ಲೆಕ್ಕ ತಪ್ಪಿದ ಕೂಡಲೇ ಮೋಸವೆನ್ನುವುದು ನನಗೆ ಸರಿಕಾಣದು. ವಯಸ್ಕರ ವಯಸ್ಸಿನ ಡೀವಿಯೇಶನ್ 1.8 ಎಂದಿದ್ದರೆ, ಅದನ್ನು ಗುಂಪಿನ ಸಂಖ್ಯೆಯಾದ 30ರ ವರ್ಗಮೂಲದಿಂದ ಗುಣಿಸಿ ನೋಡುತ್ತೇನೆ (ಸರಾಸರಿಯ ಸ್ಟ್ಯಾಂಡರ್ಡ್ ಎರರ್ ಎಂದರೆ ಡೀವಿಯೇಶನ್ ಅನ್ನು ಆ ವರ್ಗಮೂಲದಿಂದ ಭಾಗಿಸಿದ್ದು), 9.9 ಬಂದರೆ, ಸ್ಟ್ಯಾಂಡರ್ಡ್ ಎರರ್‌ಗೆ ತಪ್ಪು ಹೆಸರು ಕೊಟ್ಟಿರುವ ಸಂಭವವೇ ಹೆಚ್ಚು. ತೂಕ ಮತ್ತು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಜೊತೆಜೊತೆಗೇ ಏರಿಳಿಯುವುದರಿಂದ ಅವನ್ನು ಎರಡು ಸಾಕ್ಷಿಗಳೆಂದು ಎಣಿಸುವುದಿಲ್ಲ. ಸ್ಪೇನಿನ ಪ್ರೆಡಿಮೆಡ್ ಆಹಾರ ಪ್ರಯೋಗದಲ್ಲಿ ಇಂಥದ್ದೇ ವಿಶ್ಲೇಷಣೆಯ ನಂತರ ಹೊರಬಿದ್ದದ್ದು ಹಂಚಿಕೆಯ ದೋಷ: ಒಂದು ಕೇಂದ್ರದಲ್ಲಿ ಇಡೀ ಕ್ಲಿನಿಕ್‌ಗಳಿಗೇ ಒಂದು ಆಹಾರವನ್ನು ನಿಗದಿಪಡಿಸಲಾಗಿತ್ತು, ಒಂದೇ ಮನೆಯವರನ್ನು ಒಂದೇ ಗುಂಪಿಗೆ ಸೇರಿಸಲಾಗಿತ್ತು. 2013ರ ಆ ಪ್ರಬಂಧವನ್ನು 2018ರಲ್ಲಿ ಹಿಂಪಡೆದು, ತಿದ್ದಿ ಮತ್ತೆ ಪ್ರಕಟಿಸಿದರು.

ಆಮೇಲೆ ನೋಂದಣಿಯನ್ನು ನೋಡುತ್ತೇನೆ; ಭಾರತದ ಪ್ರಯೋಗವಾದರೆ, ಇಲ್ಲಿನ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ದಾಖಲಾದ ದಿನಾಂಕ, ರೋಗಿಗಳ ಸಂಖ್ಯೆ ಮತ್ತು ಮುಖ್ಯ ಫಲಿತಾಂಶ ಪ್ರಬಂಧಕ್ಕೆ ಹೊಂದಬೇಕು. ಅನುಮಾನ ಉಳಿದರೆ ಲೇಖಕರಿಗೆ ಪತ್ರ ಬರೆದು, ಆರೋಪ ಮಾಡದೆ, ಹೆಸರು ಅಳಿಸಿದ ಒಬ್ಬೊಬ್ಬ ರೋಗಿಯ ದತ್ತಾಂಶ ಕೇಳುತ್ತೇನೆ. ಕಾರ್ಲೈಲ್ 2021ರಲ್ಲಿ ವರದಿ ಮಾಡಿದಂತೆ, ಮೂಲ ದತ್ತಾಂಶ ಸಿಕ್ಕ 153 ಪ್ರಯೋಗಗಳಲ್ಲಿ 67ರಲ್ಲಿ ಸುಳ್ಳು ಅಂಕಿಗಳು ಕಂಡವು. ಸಿಗದ 373ರಲ್ಲಿ ಕಂಡದ್ದು 6ರಲ್ಲಿ ಮಾತ್ರ; ಅಂದರೆ ಮೂಲ ದತ್ತಾಂಶವಿಲ್ಲದೆ ಸುಳ್ಳು ಕಣ್ಣಿಗೆ ಬೀಳುವುದು ಕಷ್ಟ. ಉತ್ತರ ಬಾರದ ಪ್ರಯೋಗಗಳನ್ನು ನನ್ನ ಮುಖ್ಯ ಲೆಕ್ಕದಿಂದ ಹೊರಗಿಟ್ಟಿದ್ದೇನೆ, ಅವನ್ನು ಸೇರಿಸಿದ ಲೆಕ್ಕವನ್ನೂ ಪಕ್ಕದಲ್ಲೇ ಕೊಟ್ಟಿದ್ದೇನೆ.